ಪಾಠ ಬರೆಯುವ ಮುಂಚೆ ಮೂರು ಶಿಫ್ಟ್ ನಮ್ಮ ಜೊತೆ ನಿಲ್ಲಿ: ಐಸ್ ಪ್ಲಾಂಟ್ ತರಬೇತಿ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳು, ಉಡುಪಿ ಮತ್ತು ದಕ್ಷಿಣ ಕನ್ನಡ;
ಮಲ್ಪೆ, ಮಂಗಳೂರು ಬಂದರು, ಬೈಕಂಪಾಡಿ ಭಾಗದ ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್ ಮತ್ತು ಮೀನು ಸಂಸ್ಕರಣಾ ಘಟಕಗಳ ಮಾಲೀಕರು.

ಮಾನ್ಯರೇ,

ನಮಸ್ಕಾರ. ನಾನು ಮಲ್ಪೆ ಭಾಗದ ಐಸ್ ಪ್ಲಾಂಟುಗಳಲ್ಲಿ 24 ವರ್ಷ ಕಂಪ್ರೆಸರ್ ಆಪರೇಟರ್ ಆಗಿ ದುಡಿದವನು. ಈಗ ಕೆಲವು ವರ್ಷಗಳಿಂದ ಹೊಸ ಹುಡುಗರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ತರಬೇತಿ ನಡೆಯುವುದಿಲ್ಲ ಎಂಬ ದೂರು ನನ್ನದಲ್ಲ. ನಡೆಯುತ್ತದೆ, ದುಡ್ಡೂ ಖರ್ಚಾಗುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಆ ತರಬೇತಿ ಬರೆದವರು ಯಾರೂ ನಮ್ಮ ಕೆಲಸವನ್ನು ಒಂದು ದಿನವೂ ಕಣ್ಣಾರೆ ನೋಡಿದವರಲ್ಲ. ಅದರಿಂದ ಏನಾಯಿತು ಎಂದು ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದಿನ ಆಗಸ್ಟ್. ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಐಸಿಗೆ ಬೇಡಿಕೆ ಎಂದರೆ ಬೇಡಿಕೆ. ರಾತ್ರಿ ಸುಮಾರು ಎರಡು ಗಂಟೆಗೆ ಹೊಸ ಹುಡುಗನೊಬ್ಬ ಆಯಿಲ್ ಪಾಟ್‌ನಿಂದ ಎಣ್ಣೆ ತೆಗೆಯಲು ಹೋದ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಪ್ಲಾಂಟ್ ಓಡುವುದು ಅಮೋನಿಯಾದಲ್ಲಿ, ತಂಪು ಮಾಡುವುದು ಅದೇ. ಕಂಪ್ರೆಸರ್‌ನ ಎಣ್ಣೆ ಸ್ವಲ್ಪ ಸ್ವಲ್ಪವೇ ಅಮೋನಿಯಾದ ಜೊತೆ ಹೋಗಿ, ಅದಕ್ಕಿಂತ ಭಾರವಾದ್ದರಿಂದ ತಳದಲ್ಲಿ, ಆಯಿಲ್ ಪಾಟ್ ಎಂಬ ಪಾತ್ರೆಯಲ್ಲಿ, ಕೂರುತ್ತದೆ. ಅದನ್ನು ಆಗಾಗ ಹೊರಗೆ ತೆಗೆಯಬೇಕು. ಹುಡುಗ ವಾಲ್ವ್ ತಿರುಗಿಸಿದ. ಎಣ್ಣೆ ಬರಲಿಲ್ಲ, ಎರಡು ಹನಿ ಬಿತ್ತು ಅಷ್ಟೆ. ಇನ್ನೂ ಸ್ವಲ್ಪ ತಿರುಗಿಸಿದ. ಆಗ ಮುಂದಿದ್ದ ಗಟ್ಟಿ ಎಣ್ಣೆ ಒಮ್ಮೆಲೇ ಜಾರಿ, ಅದರ ಹಿಂದೆಯೇ ದ್ರವ ಅಮೋನಿಯಾ ನುಗ್ಗಿತು. ಮೈನಸ್ 33 ಡಿಗ್ರಿಯಲ್ಲಿ ಕುದಿಯುವ ವಸ್ತು ಅದು. ಮೈಗೆ ತಾಗಿದರೆ ಒಂದೇ ಹೊತ್ತಿಗೆ ಮರಗಟ್ಟಿಸುತ್ತದೆ, ಸುಡುತ್ತದೆ.

ಹುಡುಗ ಕೈ ಬಿಟ್ಟು ಓಡಿದ. ಕೈ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಅಲ್ಲಿತ್ತು. ಆದರೆ ಅದರ ಹಿಡಿಯನ್ನು ಯಾರೋ ತಂತಿಯಿಂದ ಕಟ್ಟಿದ್ದರು. ಅದು ಮುಚ್ಚಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದ ಹೆಂಗಸರು ಮಕ್ಕಳಂತೆ ಕೂಗುತ್ತಾ ರಸ್ತೆಗೆ ಬಂದರು. ನಮ್ಮ ಹಿರಿಯ ಆಪರೇಟರ್, ನಾವೆಲ್ಲ ಅಣ್ಣೆರ್ ಎಂದು ಕರೆಯುವವರು, ಒದ್ದೆ ಬೈರಾಸು ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವ್ ಮುಚ್ಚಿದರು. ಹಾಗೆ ಹೋಗಬಾರದು, ಅದು ಜೀವಕ್ಕೆ ಅಪಾಯ. ಆದರೆ ಮಾಸ್ಕ್ ಇದ್ದ ಕಪಾಟಿಗೆ ಬೀಗ ಹಾಕಿತ್ತು, ಬೀಗದ ಕೈ ಸೂಪರ್‌ವೈಸರ್ ರೂಮಿನಲ್ಲಿತ್ತು.

ಹುಡುಗನ ಕಣ್ಣು ಉಳಿಯಿತು. ಯಾರೋ ತಕ್ಷಣ ನಲ್ಲಿಯ ಕೆಳಗೆ ಅವನ ತಲೆ ಹಿಡಿದು ಬಹಳ ಹೊತ್ತು ನೀರು ಬಿಟ್ಟಿದ್ದರಿಂದ ಉಳಿಯಿತು. ಬಲಗೈಯ ಕಲೆ ಈಗಲೂ ಇದೆ. ಎರಡು ತಿಂಗಳು ಮನೆಯಲ್ಲಿದ್ದ.

ವಿಚಾರಣೆ ನಡೆಯಿತು. ವರದಿಯಲ್ಲಿ ಎರಡೇ ಸಾಲು ನನಗೆ ನೆನಪಿದೆ. ಆಪರೇಟರ್‌ನ ನಿರ್ಲಕ್ಷ್ಯ. ಮರುತರಬೇತಿ ನೀಡಲಾಗಿದೆ. ಆ ಮರುತರಬೇತಿ ಯಾವುದು ಗೊತ್ತಾ? ಮೊದಲು ಕೊಟ್ಟಿದ್ದ ಅದೇ ಎರಡು ದಿನದ ಕ್ಲಾಸು, ಅದೇ ಸ್ಲೈಡುಗಳು. ಆ ಹುಡುಗ ಅಪಘಾತಕ್ಕೆ ಮುಂಚೆ ಅದೇ ಕ್ಲಾಸಿನ ಪರೀಕ್ಷೆಯಲ್ಲಿ 20ಕ್ಕೆ 18 ತೆಗೆದಿದ್ದ. ಆ ಕ್ಲಾಸಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವನು ನಾನೇ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಕ್ಲಾಸಿನಲ್ಲಿ ಏನಿತ್ತು ಎಂದು ಆಮೇಲೆ ಕೂತು ನೋಡಿದೆ. ಶೈತ್ಯೀಕರಣದ ಚಕ್ರ, ಒತ್ತಡ ಮತ್ತು ಉಷ್ಣತೆಯ ಗ್ರಾಫ್, ಕಂಪ್ರೆಸರ್ ವಿಧಗಳು, ಅಮೋನಿಯಾದ ಗುಣಗಳು. ಒಂದೂ ತಪ್ಪಲ್ಲ. ಎಲ್ಲವೂ ಪುಸ್ತಕದಲ್ಲಿದ್ದ ಕ್ರಮದಲ್ಲೇ ಇತ್ತು. ಎಣ್ಣೆ ತೆಗೆಯುವುದರ ಬಗ್ಗೆ ಒಂದು ಸ್ಲೈಡಿನಲ್ಲಿ ಐದು ಸಾಲು ಇತ್ತು, ಅದೂ ಇಂಗ್ಲಿಷಿನಲ್ಲಿ. ಮೂರನೇ ಸಾಲು ಇಷ್ಟೇ: ಡ್ರೈನ್ ವಾಲ್ವ್ ಓಪನ್ ಮಾಡಿ. ಎಷ್ಟು ಓಪನ್ ಮಾಡಬೇಕು? ಯಾವಾಗ? ಎಣ್ಣೆ ಬರದಿದ್ದರೆ ಏನು? ಆ ಹುಡುಗನಿಗೆ ಆ ರಾತ್ರಿ ಬೇಕಾಗಿದ್ದ ಒಂದೇ ಒಂದು ಮಾತು ಇಡೀ ಎರಡು ದಿನದಲ್ಲಿ ಎಲ್ಲೂ ಇರಲಿಲ್ಲ: ಎಣ್ಣೆ ಬರದಿದ್ದರೆ ಹೆಚ್ಚು ತಿರುಗಿಸಬೇಡ, ಮುಚ್ಚು, ಕಾಯಿ.

ಈ ಮಾತು ಅಣ್ಣೆರ್‌ಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ? ಇದೇ ಈ ಪತ್ರದ ಮುಖ್ಯ ವಿಷಯ.

ಅಪಘಾತದ ಮುಂದಿನ ತಿಂಗಳು ನಾನು ಅಣ್ಣೆರ್ ಹತ್ತಿರ ಕೂತು, ಎಣ್ಣೆ ತೆಗೆಯುವುದು ಹೇಗೆ ಅಂತ ಪೂರ್ತಿ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅವರು ನಕ್ಕರು. "ಅವು ದಾಲ ಇಜ್ಜಿ ಮಾರಾಯ" ಎಂದರು. ಅದರಲ್ಲಿ ಎಂಥದ್ದೂ ಇಲ್ಲ, ವಾಲ್ವ್ ಬಿಡುವುದು, ಎಣ್ಣೆ ತೆಗೆಯುವುದು, ಮುಚ್ಚುವುದು. ಮೂರು ಹೆಜ್ಜೆ ಹೇಳಿದರು. ಸುಳ್ಳು ಹೇಳಲಿಲ್ಲ. ಮೂವತ್ತು ವರ್ಷ ಮಾಡಿದ ಕೆಲಸ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ. ಸೈಕಲ್ ಹೊಡೆಯುವುದು ಹೇಗೆ ಎಂದು ಕೇಳಿದರೆ ನೀವಾದರೂ ಏನು ಹೇಳುತ್ತೀರಿ?

ಹಾಗಾಗಿ ಕೇಳುವುದನ್ನು ಬಿಟ್ಟು ನೋಡಲು ಶುರು ಮಾಡಿದೆ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಆಮೇಲೆ ಇಬ್ಬರೂ ಕೂತು ನೋಡಿದೆವು. ಒಂದೊಂದು ಕಡೆ ನಿಲ್ಲಿಸಿ, ಇಲ್ಲಿ ಯಾಕೆ ಕೈ ಹಿಂದೆ ತೆಗೆದಿರಿ, ಇಲ್ಲಿ ಯಾಕೆ ಕಾದಿರಿ ಎಂದು ಕೇಳಿದೆ. ಮೂರು ಹೆಜ್ಜೆಯ ಕೆಲಸ 19 ಹೆಜ್ಜೆ ಆಯಿತು.

ಮೊದಲು ಪಾಟ್‌ಗೆ ಬರುವ ಲೈನ್ ಮುಚ್ಚುತ್ತಾರೆ. ಪಾಟ್‌ನಿಂದ ಸಕ್ಷನ್‌ಗೆ, ಅಂದರೆ ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಬದಿಗೆ, ಹೋಗುವ ಸಣ್ಣ ಲೈನ್ ತೆರೆಯುತ್ತಾರೆ, ಒಳಗೆ ಉಳಿದ ಅಮೋನಿಯಾ ಆವಿಯಾಗಿ ಹೋಗಲಿ ಎಂದು. ಮತ್ತೆ ಕಾಯುತ್ತಾರೆ. ಗಡಿಯಾರ ನೋಡಿ ಕಾಯುವುದಲ್ಲ. ಪಾಟ್‌ನ ಹೊರಮೈಯ ಹಿಮ ನೋಡಿ ಕಾಯುವುದು. ಹಿಮ ಇದೆ ಎಂದರೆ ಒಳಗೆ ದ್ರವ ಅಮೋನಿಯಾ ಇನ್ನೂ ಇದೆ. ಹಿಮ ಕರಗಿ ನೀರಾಗಿ, ಆ ನೀರೂ ಒಣಗುವ ತನಕ ಡ್ರೈನ್ ವಾಲ್ವ್ ಮುಟ್ಟುವುದಿಲ್ಲ. ಕತ್ತಲಿದ್ದರೆ ಅಂಗೈಯ ಹಿಂಬದಿ ಹತ್ತಿರ ತಂದು ತಂಪು ನೋಡುತ್ತಾರೆ. ಇಷ್ಟು ವರ್ಷ ಅವರ ಜೊತೆ ಇದ್ದರೂ ಇದನ್ನು ನಾನೇ ಗಮನಿಸಿರಲಿಲ್ಲ.

ವಾಲ್ವ್ ತೆರೆಯುವಾಗ ತಲೆ ಒಂದು ಕಡೆಗೆ ವಾಲಿಸುತ್ತಾರೆ. ಅದು ಅಭ್ಯಾಸಬಲ ಎಂದುಕೊಂಡಿದ್ದೆ. ಕೇಳಿದರೆ, "ಶಬ್ದ ಕೇಳಬೇಕಲ್ವಾ, ಎಣ್ಣೆಯ ಶಬ್ದ ಬೇರೆ, ಗ್ಯಾಸಿನ ಶಬ್ದ ಬೇರೆ" ಎಂದರು. ನಿಲ್ಲುವಾಗ ಪೈಪಿನ ಬಾಯಿಗೆ ಎದುರು ನಿಲ್ಲುವುದಿಲ್ಲ, ಬದಿಗೆ ನಿಲ್ಲುತ್ತಾರೆ, ಬಾಗಿಲು ಬೆನ್ನ ಹಿಂದೆ ಇರುವ ಹಾಗೆ. ಹಗಲಿಗೂ ರಾತ್ರಿಗೂ ನಿಲ್ಲುವ ಜಾಗ ಬೇರೆ. ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ಹೋಗುತ್ತದೆ. ಕೆಲಸಕ್ಕೆ ಮುಂಚೆ ಕಿಟಕಿಯಿಂದ ತೆಂಗಿನ ಗರಿ ನೋಡುತ್ತಾರೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ ಎಂದು ಸ್ಲೈಡಿನಲ್ಲಿ ಬರೆದಿತ್ತು. ಯಾವ ಹೊತ್ತಿನಲ್ಲಿ ನಮ್ಮ ಊರಿನ ಗಾಳಿ ಯಾವ ಕಡೆ ಎಂದು ಬರೆದಿರಲಿಲ್ಲ.

ಹುಡುಗ ಮರಳಿ ಕೆಲಸಕ್ಕೆ ಬಂದ ಮೇಲೆ ಅವನನ್ನೂ ಕೂರಿಸಿಕೊಂಡೆ. ಬೈಯಲಿಲ್ಲ, ಆ ರಾತ್ರಿ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಕೇಳಿದೆ. ಅವನು ಐಟಿಐ ಮುಗಿಸಿದವನು. ಅಲ್ಲಿ ಅವನ ಕೈ ಪಳಗಿದ್ದು ಮನೆಯ ಫ್ರಿಜ್ ಮತ್ತು ಎಸಿ ಮೇಲೆ. ನೀರಿನ ನಲ್ಲಿ ಕಟ್ಟಿಕೊಂಡರೆ ಹೇಗೆ ಇನ್ನಷ್ಟು ತಿರುಗಿಸುತ್ತೇವೋ ಹಾಗೆ ತಿರುಗಿಸಿದೆ ಎಂದ. ಹಿಮ ನೋಡಲಿಲ್ಲವೇ ಎಂದರೆ, ಲೈಟ್ ಇರಲಿಲ್ಲ ಸರ್ ಎಂದ. ಹೌದು, ಪಾಟ್ ಮೇಲಿನ ಬಲ್ಬ್ ಹೋಗಿ ಮೂರು ವಾರ ಆಗಿತ್ತು.

ಇದರಲ್ಲಿ ನಿರ್ಲಕ್ಷ್ಯ ಯಾರದು, ನೀವೇ ಹೇಳಿ.

ಕಲಿತವರ ಕೈಯನ್ನು ಹಾಗೇ ನಕಲು ಮಾಡಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಸ್ಪ್ರಿಂಗ್ ವಾಲ್ವ್‌ಗೆ ತಂತಿ ಕಟ್ಟಿದ್ದು ಒಬ್ಬ ಅನುಭವಿ ಆಪರೇಟರೇ. ಅಷ್ಟು ಹೊತ್ತು ಹಿಡಿದು ನಿಂತರೆ ಕೈ ನೋಯುತ್ತದೆ ಎಂದು ಕಟ್ಟಿದ್ದ. ಅವನ ಜೊತೆ ನಿಂತು ಕಲಿತವರೆಲ್ಲ ತಂತಿ ಕಟ್ಟುವುದನ್ನೂ ಕಲಿತರು. ಆದ್ದರಿಂದ ಒಬ್ಬರನ್ನು ನೋಡಿದರೆ ಸಾಲದು. ನಾನು ಮೂವರನ್ನು ನೋಡಿದೆ. ಮೂವರೂ ಬೇರೆ ಬೇರೆ ಮಾಡುವ ಕಡೆಗಳಿಗೆ ಗುರುತು ಹಾಕಿಕೊಂಡೆ. ಯಂತ್ರ ಮಾಡಿದವರ ಕೈಪಿಡಿ ತೆಗೆದು ಅದಕ್ಕೆ ಹೋಲಿಸಿದೆ. ಎಲ್ಲಿ ಅಭ್ಯಾಸ ಸರಿ, ಎಲ್ಲಿ ಕೈಪಿಡಿ ಸರಿ ಎಂದು ಅವರನ್ನೇ ಕೂರಿಸಿ ಮಾತಾಡಿಸಿದೆ. ಆ ಒಂದು ಮಧ್ಯಾಹ್ನದ ಮಾತಿನಲ್ಲಿ ಕಲಿತಷ್ಟು ನಾನು ಯಾವ ಕ್ಲಾಸಿನಲ್ಲೂ ಕಲಿತಿಲ್ಲ.

ಇದು ನನ್ನ ಹೊಸ ಆವಿಷ್ಕಾರ ಏನಲ್ಲ. ಪರಿಚಯದ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಇದಕ್ಕೆ ಕೆಲಸದ ವಿಶ್ಲೇಷಣೆ ಎನ್ನುತ್ತಾರೆ, ಇದಕ್ಕೆ ನೂರು ವರ್ಷದ ಚರಿತ್ರೆ ಉಂಟು ಎಂದು ಅವರು ಹೇಳಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಹಡಗುಕಟ್ಟೆಗಳಿಗೆ ಒಮ್ಮೆಲೇ ಸಾವಿರಾರು ಹೊಸ ಕೆಲಸಗಾರರು ಬೇಕಾದರಂತೆ. ಚಾರ್ಲ್ಸ್ ಅಲೆನ್ ಎಂಬವರು ಆಗ ಕಲಿಸುವುದನ್ನು ನಾಲ್ಕು ಹಂತ ಮಾಡಿದರು: ಕಲಿಯುವವನನ್ನು ಸಿದ್ಧ ಮಾಡು, ತೋರಿಸು, ಅವನ ಕೈಯಿಂದ ಮಾಡಿಸು, ಪರೀಕ್ಷಿಸು. ಎರಡನೇ ಮಹಾಯುದ್ಧದಲ್ಲಿ, 1940ರಿಂದ 1945ರವರೆಗೆ, ಅದೇ ದೇಶದಲ್ಲಿ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ಕಾರ್ಯಕ್ರಮ ಇದೇ ಹಂತಗಳನ್ನು ಹಿಡಿದು 16 ಲಕ್ಷಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಟ್ಟಿತು. ಅಲ್ಲಿ ಕಲಿಸುವವನು ಮೊದಲು ಒಂದು ಚೀಟಿ ಬರೆಯಬೇಕಿತ್ತು. ಎಡಗಡೆ ಮುಖ್ಯ ಹೆಜ್ಜೆ. ಬಲಗಡೆ ಆ ಹೆಜ್ಜೆಯಲ್ಲಿ ಕೆಲಸ ಕೆಡಿಸುವ, ಕೈ ಮುರಿಯುವ ಅಥವಾ ಕೆಲಸ ಹಗುರ ಮಾಡುವ ಗುಟ್ಟು. ಚೀಟಿ ಬರೆಯದೆ ಕಲಿಸುವ ಹಾಗಿಲ್ಲ. ನಾನು ಇದಕ್ಕೆ ಮೂರನೇ ಕಾಲಂ ಸೇರಿಸಿಕೊಂಡಿದ್ದೇನೆ: ಯಾಕೆ. ಯಾಕೆ ಎಂದು ಗೊತ್ತಿಲ್ಲದ ಹುಡುಗ ತಂತಿ ಕಟ್ಟುತ್ತಾನೆ.

ಎಷ್ಟು ಬಿಡಿಸಿ ಬರೆಯಬೇಕು ಎಂಬುದು ನನ್ನನ್ನು ಬಹಳ ಕಾಡಿತ್ತು. ಬ್ರೈನ್ ಟ್ಯಾಂಕಿನಿಂದ, ಅಂದರೆ ತಣ್ಣಗಿನ ಉಪ್ಪುನೀರಿನ ತೊಟ್ಟಿಯಿಂದ, ಐಸ್ ಕಟ್ಟುವ ಕ್ಯಾನ್ ಎತ್ತುವುದಕ್ಕೂ 19 ಹೆಜ್ಜೆ ಬರೆಯುತ್ತಾ ಕೂತರೆ ವರ್ಷ ಸಾಲದು. ಇದಕ್ಕೂ ಉತ್ತರ ಇದೆ. 1967ರಲ್ಲಿ ಇಂಗ್ಲೆಂಡಿನ ಆನೆಟ್ ಮತ್ತು ಡಂಕನ್ ಎಂಬ ಇಬ್ಬರು ಇದಕ್ಕೆ ಒಂದು ನಿಯಮ ಕೊಟ್ಟರು. ಒಂದು ಹೆಜ್ಜೆಯಲ್ಲಿ ತಪ್ಪಾಗುವ ಸಂಭವ ಎಷ್ಟು, ತಪ್ಪಾದರೆ ಆಗುವ ನಷ್ಟ ಎಷ್ಟು, ಎರಡನ್ನೂ ಗುಣಿಸಿ ನೋಡು. ಅದು ಸಹಿಸಬಹುದಾದಷ್ಟು ಸಣ್ಣದಿದ್ದರೆ ಅಲ್ಲಿಗೆ ನಿಲ್ಲಿಸು. ದೊಡ್ಡದಿದ್ದರೆ ಇನ್ನೂ ಬಿಡಿಸು. ಎಷ್ಟು ಸರಳ, ಅಲ್ವಾ? ಎಣ್ಣೆ ತೆಗೆಯುವುದನ್ನು ಕೊನೆ ತನಕ ಬಿಡಿಸಬೇಕು. ಕ್ಯಾನ್ ತೊಳೆಯುವುದು ಒಂದು ಸಾಲು ಸಾಕು. ಈ ಲೆಕ್ಕದಲ್ಲಿ ನಮ್ಮ ಶಿಫ್ಟಿನ ಕೆಲಸಗಳನ್ನು ಪಟ್ಟಿ ಮಾಡಿದೆ. 37 ಬಂತು. ಆಳವಾಗಿ ಬಿಡಿಸಬೇಕಾದದ್ದು 8 ಮಾತ್ರ. ಆ ಎಂಟರಲ್ಲಿ ಎರಡನ್ನು ಮಾತ್ರ ಎರಡು ದಿನದ ಕ್ಲಾಸು ಮುಟ್ಟಿತ್ತು, ಅದೂ ಮೇಲೆ ಮೇಲೆ.

ಅಪರೂಪಕ್ಕೆ ಬರುವ ಕೆಲಸಗಳನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿದೆ. ಕರೆಂಟ್ ಹೋಗಿ ಬಂದಾಗ ಪ್ಲಾಂಟ್ ಮತ್ತೆ ಎಬ್ಬಿಸುವುದು, ಗ್ಯಾಸ್ ಲೀಕ್ ಆದಾಗ ಯಾವ ವಾಲ್ವ್ ಮೊದಲು ಎಂದು ತೀರ್ಮಾನಿಸುವುದು, ಇವೆಲ್ಲ ಆ ಗುಂಪಿನವು. ದಿನಾ ಮಾಡುವ ಕೆಲಸವನ್ನು ದಿನವೇ ಕಲಿಸುತ್ತದೆ. ವರ್ಷಕ್ಕೊಮ್ಮೆ ಬರುವ ಅಪಾಯದ ಕೆಲಸವನ್ನು ಯಾರಾದರೂ ಕಲಿಸಲೇಬೇಕು, ಮತ್ತೆ ಮತ್ತೆ ಮಾಡಿಸಲೇಬೇಕು.

ಇನ್ನೊಂದು ಮಾತು ಮಾಲೀಕರಿಗೆ. ನನ್ನ ನೋಟ್‌ಬುಕ್‌ನಲ್ಲಿ ಗುರುತು ಮಾಡಿದ ತೊಂದರೆಗಳಲ್ಲಿ ಸುಮಾರು ಅರ್ಧ ತರಬೇತಿಯದ್ದೇ ಅಲ್ಲ. ಹೋದ ಬಲ್ಬ್, ಅಳಿಸಿಹೋದ ವಾಲ್ವ್ ನಂಬರ್, ಬೀಗ ಹಾಕಿದ ಮಾಸ್ಕ್ ಕಪಾಟು. ಇದಕ್ಕೆ ಎಷ್ಟು ಕ್ಲಾಸ್ ಮಾಡಿದರೂ ಪ್ರಯೋಜನ ಇಲ್ಲ. ಒಂದು ಬಲ್ಬ್, ಒಂದು ಡಬ್ಬಿ ಪೇಂಟ್, ಬೀಗ ಇಲ್ಲದ ಕಪಾಟು ಸಾಕು. ಕೆಲಸದ ಪಕ್ಕ ನಿಂತು ನೋಡಿದರೆ ಇದೂ ಕಾಣುತ್ತದೆ. ಆಫೀಸಿನಲ್ಲಿ ಕೂತು ಸಿಲಬಸ್ ಬರೆದರೆ ಕಾಣುವುದಿಲ್ಲ. ತರಬೇತಿಗೆ ಕೊಡುವ ದುಡ್ಡು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮಾನ್ಯ ಅಧಿಕಾರಿಗಳೇ, ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಯಾವುದೇ ಸಂಸ್ಥೆ ತಾಂತ್ರಿಕ ತರಬೇತಿ ಕೊಡುತ್ತೇವೆ ಎಂದು ನಿಮ್ಮ ಮುಂದೆ ಬಂದಾಗ ಸಿಲಬಸ್ ಕೇಳುವ ಮುಂಚೆ ಕೆಲಸದ ಪಟ್ಟಿ ಕೇಳಿ. ಯಾರನ್ನು ನೋಡಿ ಬರೆದಿರಿ, ಎಷ್ಟು ದಿನ ನೋಡಿದಿರಿ, ಯಾವ ಶಿಫ್ಟಿನಲ್ಲಿ ಎಂದು ಕೇಳಿ. ಕಡಿಮೆ ಎಂದರೆ ಮೂರು ಶಿಫ್ಟ್, ಅದರಲ್ಲಿ ಒಂದು ರಾತ್ರಿಯದ್ದು, ಕೆಲಸಗಾರರ ಪಕ್ಕ ನಿಲ್ಲದವರಿಗೆ ಒಪ್ಪಿಗೆ ಕೊಡಬೇಡಿ. ನಮ್ಮಲ್ಲಿ ತಪ್ಪುಗಳು ಆಗುವುದು ಜಾಸ್ತಿ ರಾತ್ರಿಯೇ. ತರಬೇತಿ ಕೊಡುವವರು ಬರುವುದು ಬೆಳಿಗ್ಗೆ ಹತ್ತಕ್ಕೆ, ಹೋಗುವುದು ಸಂಜೆ ಐದಕ್ಕೆ.

ಪರೀಕ್ಷೆಯನ್ನೂ ಬದಲಾಯಿಸಿ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿಸುವುದು ಸುಲಭ, ರಿಜಿಸ್ಟರ್ ತುಂಬುವುದೂ ಸುಲಭ. ಅದರ ಬದಲು ಹುಡುಗನನ್ನು ಪಾಟ್ ಮುಂದೆ ನಿಲ್ಲಿಸಿ. ಮಾಡಿ ತೋರಿಸು ಎನ್ನಿ. ಮಧ್ಯದಲ್ಲಿ, ಈಗ ಎಣ್ಣೆ ಬರುತ್ತಿಲ್ಲ, ಏನು ಮಾಡುತ್ತೀ ಎಂದು ಕೇಳಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ. ನಮ್ಮ ಪ್ಲಾಂಟಿನಲ್ಲಿ ಈಗ ತುಳು, ಕನ್ನಡ, ಬ್ಯಾರಿ, ಹಿಂದಿ, ಒಡಿಯಾ ಐದೂ ಕೇಳುತ್ತದೆ. ಗೋಡೆಗೆ ತೂಗು ಹಾಕಿದ ಇಂಗ್ಲಿಷ್ ಸೂಚನೆಯನ್ನು ಓದುವವರು ಯಾರೂ ಇಲ್ಲ. ಅಣ್ಣೆರ್‌ನ ಕೈಯ ಎಂಟು ಫೋಟೋ, ಪ್ರತಿ ಫೋಟೋದ ಕೆಳಗೆ ಒಂದೊಂದು ಸಾಲು ಕನ್ನಡ ಮತ್ತು ಹಿಂದಿ. ನಾನು ಹಾಗೆ ಮಾಡಿ ಪಾಟ್ ಪಕ್ಕ ಅಂಟಿಸಿದ್ದೇನೆ. ಒಡಿಶಾದ ಹುಡುಗರು ಅದರ ಮುಂದೆ ನಿಂತು ಒಬ್ಬರಿಗೊಬ್ಬರು ವಿವರಿಸುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ವಿಚಾರಣೆ ಮಾಡುವವರಿಗೂ ಒಂದು ಮನವಿ. 1954ರಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು, ಯುದ್ಧಕಾಲದ ವೈಮಾನಿಕರ ಜೊತೆ ಮಾಡಿದ ಕೆಲಸದಿಂದ ಬೆಳೆದ ಒಂದು ವಿಧಾನವನ್ನು ಬರೆದಿಟ್ಟರು. ಕೆಲಸ ಚೆನ್ನಾಗಿ ನಡೆದ ಅಥವಾ ಕೆಟ್ಟುಹೋದ ನಿಜವಾದ ಘಟನೆಗಳನ್ನು, ಕಂಡವರಿಂದಲೇ ವಿವರವಾಗಿ ಸಂಗ್ರಹಿಸುವುದು. ಆಗ ಏನಾಯಿತು, ನೀವು ಏನು ಮಾಡಿದಿರಿ, ಅದರಿಂದ ಏನಾಯಿತು ಎಂದು ಕೇಳುವುದು. ನಮ್ಮ ವಿಚಾರಣೆಯಲ್ಲಿ ಹುಡುಗನಿಗೆ ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಗದರಿಸಿದ್ದರು ಅಷ್ಟೆ. ನಿರ್ಲಕ್ಷ್ಯ ಎಂದು ಬರೆಯುವ ಮುಂಚೆ, ಇವನಿಗೆ ಈ ಹೆಜ್ಜೆಯನ್ನು ಯಾರು, ಯಾವಾಗ ತೋರಿಸಿದ್ದರು ಎಂದು ಕೇಳಿ. ಉತ್ತರ ಇಲ್ಲ ಎಂದಾದರೆ ಆ ಪದ ಬರೆಯಬೇಡಿ. ಆ ಒಂದು ಪದ ಅವನ ಮನೆಯವರನ್ನು ಎಷ್ಟು ನೋಯಿಸಿತು ಎಂದು ನಾನು ಅವರ ಜಗಲಿಯಲ್ಲಿ ಕೂತು ನೋಡಿದ್ದೇನೆ.

ಮಾಲೀಕರು ಹೇಳುವ ಮಾತು ನನಗೆ ಗೊತ್ತು. ಸಮಯ ಎಲ್ಲಿದೆ? ಕಲಿಸಿದ ಹುಡುಗ ಆರು ತಿಂಗಳಲ್ಲಿ ಗಲ್ಫಿಗೆ ಹೋಗುತ್ತಾನೆ, ಮತ್ತೆ ಯಾಕೆ ಕಲಿಸುವುದು? ಹೋಗುತ್ತಾರೆ, ನಿಜ. ಆದರೆ ಹುಡುಗ ಹೋದರೂ ಬರೆದಿಟ್ಟ ಹಾಳೆ ಇಲ್ಲೇ ಉಳಿಯುತ್ತದೆ. ಅಣ್ಣೆರ್ ಇನ್ನು ಎರಡು ವರ್ಷದಲ್ಲಿ ನಿವೃತ್ತಿ ಆಗುತ್ತಾರೆ. ಅವರು ಹೋಗುವಾಗ ಮೂವತ್ತು ವರ್ಷದ ಕೆಲಸ ಅವರ ಜೊತೆಯೇ ಗೇಟು ದಾಟಿ ಹೋಗಬಾರದು.

ಸಮಯವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಹೋಗುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಪ್ಲಾಂಟುಗಳು ಆಗ ರಿಪೇರಿಗೆ ನಿಲ್ಲುತ್ತವೆ. ನೋಡಿ ಬರೆಯುವ ಕೆಲಸ ಮೇ ತಿಂಗಳಲ್ಲಿ, ಪ್ಲಾಂಟ್ ಓಡುತ್ತಿರುವಾಗಲೇ ಆಗಲಿ. ಮಾಡಿ ಕಲಿಯುವುದು ಜೂನ್‌ನಲ್ಲಿ ಆಗಲಿ, ಪಾಟ್ ಖಾಲಿ ಮಾಡಿ ಬೇರ್ಪಡಿಸಿಟ್ಟಾಗ. ಆಗ ತಪ್ಪು ಮಾಡಿದರೂ ಯಾರ ಕೈಯೂ ಸುಡುವುದಿಲ್ಲ. ಹಿರಿಯ ಆಪರೇಟರ್‌ಗಳಿಗೆ ಆ ದಿನಗಳ ಪೂರ್ತಿ ಸಂಬಳ ಕೊಡಿ. ಸುಮ್ನೆ ಕೂತು ಮಾತಾಡಲು ಸಂಬಳವಾ ಎಂದು ಕೇಳಬೇಡಿ. ಆ ಮಾತೇ ನಿಮ್ಮ ಪ್ಲಾಂಟಿನ ಅತಿ ಬೆಲೆಬಾಳುವ ಸಾಮಾನು.

ಐಟಿಐ ಪ್ರಾಂಶುಪಾಲರೂ ಇದನ್ನು ಓದುತ್ತಿದ್ದರೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಹುಡುಗರನ್ನು ನಮ್ಮಲ್ಲಿಗೆ ಕಳಿಸುವಾಗ ಅವರು ಇಲ್ಲಿ ಯಾವ ಕೆಲಸ ಮಾಡಿ ಕಲಿಯಬೇಕು ಎಂಬ ಪಟ್ಟಿ ಕೊಟ್ಟು ಕಳಿಸಿ. ಪಟ್ಟಿ ಇಲ್ಲದೆ ಬಂದ ಹುಡುಗರು ವರ್ಷವಿಡೀ ಐಸ್ ತಳ್ಳಿ ಸರ್ಟಿಫಿಕೇಟ್ ಹಿಡಿದು ಹೋದದ್ದನ್ನು ನಾನು ನೋಡಿದ್ದೇನೆ.

ಕಳೆದ ಜೂನ್‌ನಲ್ಲಿ ಐದು ಹೊಸಬರಿಗೆ ನನ್ನ ಹಾಳೆಗಳನ್ನು ಹಿಡಿದೇ ಕಲಿಸಿದೆ. ಎಣ್ಣೆ ತೆಗೆಯುವ ಕೆಲಸವನ್ನು ಪ್ರತಿಯೊಬ್ಬರೂ ನನ್ನ ಎದುರು ನಾಲ್ಕು ಸಲ ಮಾಡಿದರು. ತೋರಿಸಿದವನು ಅಪಘಾತ ಆದ ಅದೇ ಹುಡುಗ. ಹಿಮ ಒಣಗುವ ತನಕ ಕಾಯಿ ಎಂದು ಅವನು ಹೇಳುವಾಗ ಯಾರೂ ಮೊಬೈಲ್ ನೋಡಲಿಲ್ಲ.

ಆ ಎಂಟು ಕೆಲಸಗಳ ಹಾಳೆಗಳು ನನ್ನ ಹತ್ತಿರ ಇವೆ. ಯಾರಿಗೆ ಬೇಕಾದರೂ ಪ್ರತಿ ಕೊಡುತ್ತೇನೆ, ದುಡ್ಡು ಬೇಡ. ಆದರೆ ನಿಮ್ಮ ಪ್ಲಾಂಟಿನ ಪಾಟ್ ಬೇರೆ, ಬಾಗಿಲು ಬೇರೆ, ಗಾಳಿ ಬೇರೆ. ಅದನ್ನು ಹಾಗೇ ಗೋಡೆಗೆ ಅಂಟಿಸಬೇಡಿ, ನಿಮ್ಮ ಆಪರೇಟರ್ ಪಕ್ಕ ನಿಂತು ತಿದ್ದಿಕೊಳ್ಳಿ. ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ಗೊತ್ತು ಮಾಡಿ ಕರೆಯಿರಿ. ನಾನು, ಅಣ್ಣೆರ್ ಮತ್ತು ಆ ಹುಡುಗ ಮೂವರೂ ಬರುತ್ತೇವೆ. ರಾತ್ರಿ ಶಿಫ್ಟಾದರೆ ಇನ್ನೂ ಒಳ್ಳೆಯದು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಐಸ್ ಪ್ಲಾಂಟ್ ಆಪರೇಟರ್
ಮಲ್ಪೆ